ನಿಲ್ಲಿಸುವ ಗಂಟೆ

ಕಳೆದ ಗುರುವಾರ ನಮ್ಮ ಕಾರು ಶೋರೂಮಿನಲ್ಲಿ ತೀರಿಕೊಂಡ ಹಿರಿಯರೊಬ್ಬರಿಗಾಗಿ ಎರಡು ನಿಮಿಷ ಮೌನ ಆಚರಿಸಲು ಸೂಚನೆ ಬಂತು. ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಹೊಸ ಗಾಡಿಗಳ ನಡುವೆ ಕೈಕಟ್ಟಿ ನಿಂತೆವು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ, ಗಾಜಿನ ಬಾಗಿಲು ತಳ್ಳಿಕೊಂಡು ಗಂಡ, ಹೆಂಡತಿ, ಒಂದು ಮಗು ಒಳಗೆ ಬಂದರು. ಮಾರಾಟ ವಿಭಾಗದ ಇಬ್ಬರು ಬಗ್ಗಿಸಿದ ತಲೆಯಲ್ಲೇ ಕಣ್ಣು ಹೊರಳಿಸಿ ಎಂ.ಡಿ. ಅವರನ್ನು ನೋಡಿದರು. ಎಂ.ಡಿ. ಗದ್ದ ಆಡಿಸಿದರು. ಇಬ್ಬರೂ ನಗುಮುಖ ಮಾಡಿಕೊಂಡು ಗಿರಾಕಿಗಳ ಕಡೆ ಓಡಿದರು. ಉಳಿದವರಿಗೆ ಇನ್ನೂ ನಿಂತಿರಬೇಕೋ ಬೇಡವೋ ತಿಳಿಯಲಿಲ್ಲ. ಒಬ್ಬೊಬ್ಬರಾಗಿ ಕುರ್ಚಿಗಳಿಗೆ ಮರಳಿದರು.

ಹಾರ ಹಾಕಿದ್ದ ಫೋಟೋ ಅವರ ಗುರುತಿನ ಚೀಟಿಯದು. ಅದನ್ನೇ ದೊಡ್ಡದು ಮಾಡಿಸಿದ್ದರಿಂದ ಮುಖ ಚೌಕಚೌಕವಾಗಿ ಒಡೆದಿತ್ತು. ಕೆಳಗೆ 'ಹಳೆಯ ಗಾಡಿಗಳ ವಿಭಾಗ' ಎಂದಿತ್ತು. ಇಪ್ಪತ್ತು ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅವರನ್ನು ಕಂಡವರೇ ಅಲ್ಲ. ಮೊದಲು ಅವರು ಇದೇ ನೆಲದ ಮೇಲೆ ದಿನವಿಡೀ ಓಡಾಡುತ್ತಿದ್ದರು, ಆಗ ಇಲ್ಲಿ ಸೇರಿದ ಪ್ರತಿಯೊಬ್ಬರಿಗೂ ಮೊದಲ ಪಾಠ ಹೇಳಿದವರು ಅವರು ಎಂದು ಯಾರೂ ಹೇಳಲಿಲ್ಲ.

ನನಗೆ ಹೈಸ್ಕೂಲಿನಿಂದ ದಿನಚರಿ ಬರೆಯುವ ರೂಢಿ. ಕೆಲಸವೂ ಅದಕ್ಕೆ ಹೊಂದುವಂಥದೇ ಸಿಕ್ಕಿತು. ಯಾವ ಗಾಡಿ, ಯಾರಿಗೆ, ಯಾವ ದಿನ, ಯಾವ ಮುಹೂರ್ತಕ್ಕೆ ಶೋರೂಮಿನಿಂದ ಹೊರಡಬೇಕು ಎಂದು ಹೊಂದಿಸುವುದು ನನ್ನ ಕೆಲಸ. ಬಿ.ಕಾಂ. ಮುಗಿಸಿ ಸೇರಿದಾಗ ಹೈದರಾಬಾದಿನ ಪಶ್ಚಿಮಕ್ಕೆ ವಾರಕ್ಕೊಂದು ಗಾಜಿನ ಕಟ್ಟಡ ಏಳುತ್ತಿತ್ತು. ಇಪ್ಪತ್ತೈದು ವರ್ಷದವರು ಅಪ್ಪ ನಿವೃತ್ತಿಯಾಗುವಾಗಿನ ಸಂಬಳವನ್ನು ತಮ್ಮ ಮೊದಲ ಸಂಬಳದಲ್ಲಿ ದಾಟುತ್ತಿದ್ದರು, ಮೂರನೆಯ ಸಂಬಳಕ್ಕೆ ನಮ್ಮ ಬಾಗಿಲಿಗೆ ಬರುತ್ತಿದ್ದರು. ನಾವು ಮಾರುತ್ತಿದ್ದದ್ದು ಒಂದು ಜಪಾನಿ ಕಂಪನಿಯ ಗಾಡಿ. ಹೆಸರು ಬೇಡ, ಬೀದಿಯಲ್ಲಿ ಎಲ್ಲರೂ ನೋಡುವ ಗಾಡಿಯೇ.

ಅವರು ಆಗ ಇಲ್ಲಿ ಹಿರಿಯ ಮ್ಯಾನೇಜರು. ಮೇ ತಿಂಗಳಲ್ಲೂ ಟೈ ಸಡಿಲಿಸುತ್ತಿರಲಿಲ್ಲ. ಗಿರಾಕಿ ಬಂದರೆ ಸೊಂಟದಿಂದ ಬಾಗಿ ನಮಸ್ಕರಿಸುತ್ತಿದ್ದರು. ಬೇರೆ ಕಂಪನಿಯ ಗಾಡಿಯಲ್ಲಿ ಬಂದವರನ್ನು ಆಸ್ಪತ್ರೆಗೆ ಬಂದವರನ್ನು ನೋಡುವ ಹಾಗೆ ನೋಡುತ್ತಿದ್ದರು. ವಿನಯಕ್ಕೂ ಅವರಿಗೂ ದೂರ. ತಾವು ಹೇಳಿದ್ದೇ ಕೊನೆಯ ಮಾತಾಗಬೇಕು, ಹೇಳುವಾಗ ನಡುವೆ ಯಾರೂ ಕೆಮ್ಮಬಾರದು. ಬೆನ್ನ ಹಿಂದೆ ಎಲ್ಲರೂ 'ಜಪಾನ್ ಸಾಬ್' ಎನ್ನುತ್ತಿದ್ದರು. ವರ್ಕ್‌ಶಾಪಿನಲ್ಲಿ ಅವರು ಕಾಣಿಸಿದರೆ, ಬೂಟು ಬಿಚ್ಚಿರಿ ಎಂದು ಯಾರಾದರೂ ಕೂಗುತ್ತಿದ್ದರು: "ಜಪಾನ್ ಸಾಬ್ ಆಗಯೇ, ಜೂತೇ ಉತಾರೋ!"

ನನ್ನ ಅರ್ಜಿಯಲ್ಲಿ ಮಾತೃಭಾಷೆ ಕನ್ನಡ ಎಂದು ನೋಡಿ ಮೊದಲ ದಿನವೇ ಕರೆದರು.

"ಯಾವ ಊರವರವಾ ನೀವು?"

"ರಾಯಚೂರ ಕಡೆಯವರ್ರಿ ಸರ್. ನಾ ಹುಟ್ಟಿದ್ದು ಇಲ್ಲೇ, ದಿಲ್‌ಸುಖ್‌ನಗರದಾಗ. ನಮ್ಮಪ್ಪ ಬೇಗಂ ಬಜಾರದಾಗ ಕಿರಾಣಿ ಸಗಟು ಅಂಗಡಿಯೊಳಗ ಗುಮಾಸ್ತ ಅದಾರ."

"ಹಂಗಾದ್ರ ಸರ್ ಅನಬ್ಯಾಡ. ಕಾಕಾ ಅನ್ನು. ಇಲ್ಲಿ ಸರ್ ಅನ್ನೋ ಮಂದಿ ಬೆನ್ನಿಂದ ಏನಂತಾರ ನನಗ ಗೊತ್ತೈತಿ."

ಅವರು ಗುಳೇದಗುಡ್ಡದ ನೇಕಾರರ ಮನೆಯವರು. ಐ.ಟಿ.ಐ. ಮುಗಿಸಿ ಬಾಲಾನಗರದ ಒಂದು ಸಣ್ಣ ಎಂಜಿನಿಯರಿಂಗ್ ಕಾರ್ಖಾನೆಗೆ ಬಂದು, ಅಲ್ಲಿಂದ ಗ್ಯಾರೇಜಿಗೆ, ಗ್ಯಾರೇಜಿನಿಂದ ಶೋರೂಮಿಗೆ ಏರಿದವರು. ಬಾಲಾನಗರದಲ್ಲೇ ಮನೆ. ಸ್ವಂತ ಕಾರು ಇರಲಿಲ್ಲ. ಹಳೆಯ ಸ್ಕೂಟರಿನಲ್ಲಿ ಬಂದು, ಅದನ್ನು ಗಿರಾಕಿಗಳಿಗೆ ಕಾಣದ ಹಾಗೆ ಜನರೇಟರಿನ ಹಿಂದೆ ನಿಲ್ಲಿಸುತ್ತಿದ್ದರು.

ಗಾಡಿ ಮಾರುವುದರಲ್ಲಿ ಅವರದೇ ಪದ್ಧತಿಗಳಿದ್ದವು. ಗಿರಾಕಿಯನ್ನು ಒಳಗೆ ಕೂರಿಸಿ, "ಕಣ್ಣು ಮುಚ್ಚಿ" ಎಂದು ಹೇಳಿ, ಬಾಗಿಲನ್ನು ಎರಡು ಬೆರಳಿನಿಂದ ತಳ್ಳುತ್ತಿದ್ದರು. ಬಾಗಿಲು 'ಥಪ್' ಎಂದು, ದಪ್ಪ ಪುಸ್ತಕ ಮುಚ್ಚಿದ ಹಾಗೆ ಕೂರುತ್ತಿತ್ತು. "ಇನ್ನು ರಸ್ತೆಯ ಸದ್ದು ಕೇಳಿಸುತ್ತದೆಯೇ?" ಎನ್ನುತ್ತಿದ್ದರು. ಎಂಜಿನ್ ಚಾಲೂ ಮಾಡಿ ಅದರ ಮೇಲೆ ಒಂದು ರೂಪಾಯಿ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸುತ್ತಿದ್ದರು. ನಾಣ್ಯ ಅಲುಗದೆ ನಿಂತಿರುತ್ತಿತ್ತು. ಸಾಫ್ಟ್‌ವೇರ್ ಹುಡುಗರು ಬಾಯಿ ಬಿಟ್ಟು ನೋಡುತ್ತಿದ್ದರೆ ಅವರ ಅಪ್ಪಂದಿರು ಡಿಕ್ಕಿ ತೆರೆದು ಎಷ್ಟು ಅಕ್ಕಿ ಮೂಟೆ ಹಿಡಿಯುತ್ತದೆ ಎಂದು ನೋಡುತ್ತಿದ್ದರು. ಒಬ್ಬ ಹಿರಿಯರು, "ಇಷ್ಟು ಸದ್ದಿಲ್ಲದಿದ್ದರೆ ಗಾಡಿ ಚಾಲೂ ಆಗಿದೆ ಅಂತ ಗೊತ್ತಾಗುವುದು ಹೇಗೆ?" ಎಂದು ಕೇಳಿದ್ದರು. ಅದಕ್ಕೆ ಇವರು, "ಅಮೆರಿಕದಲ್ಲಿರುವ ನಿಮ್ಮ ಹಿರಿಯ ಮಗನನ್ನು ಕೇಳಿ, ಇದೇ ಗಾಡಿಯಲ್ಲಿ ಕೂತಿರುತ್ತಾನೆ" ಎಂದರು. ಊಹೆ ನಿಜವಾಗಿತ್ತು. ಗಾಡಿ ಮಾರಿಹೋಯಿತು.

ಸೋಮವಾರ ಬೆಳಿಗ್ಗೆ ಹೊಸಬರಿಗೆ ಪಾಠ. ಹೊಸಬರೆಂದರೆ ಹೆಚ್ಚಾಗಿ ದಿಲ್‌ಸುಖ್‌ನಗರದ ಕೋಚಿಂಗ್ ಸೆಂಟರುಗಳಲ್ಲಿ ಕಂಪ್ಯೂಟರ್ ಕಲಿಯುತ್ತ, ಸಾಫ್ಟ್‌ವೇರ್ ನೌಕರಿ ಸಿಗುವವರೆಗೆ ನಮ್ಮಲ್ಲಿ ಟೈ ಕಟ್ಟಿಕೊಂಡು ಕಾಯುವವರು. ಅವರಿಗೆ ಇವರು ಗಾಡಿಯ ಬೆಲೆಯನ್ನಾಗಲಿ ಸಾಲದ ಕಂತನ್ನಾಗಲಿ ಹೇಳುತ್ತಿರಲಿಲ್ಲ. ಕಂಪನಿಯ ಕಥೆ ಹೇಳುತ್ತಿದ್ದರು.

ಆ ಕಂಪನಿ ಹುಟ್ಟಿದ್ದು ಕಾರಿನಿಂದ ಅಲ್ಲ, ಮಗ್ಗದಿಂದ. ಬಡಗಿಯ ಮಗನೊಬ್ಬ ತಾಯಿ ನೇಯುವುದನ್ನು ನೋಡುತ್ತ ಬೆಳೆದು, ಒಂದು ಎಳೆ ಹರಿದರೆ ತಾನಾಗಿಯೇ ನಿಂತುಬಿಡುವ ಮಗ್ಗ ಕಂಡುಹಿಡಿದ. ಅವನ ಮಗ ಕಾರು ಮಾಡಲು ಹೊರಟ. ಯುದ್ಧ ಮುಗಿದ ಮೇಲೆ ಕಂಪನಿ ಮುಳುಗುವುದರಲ್ಲಿತ್ತು, ಕೆಲಸದವರನ್ನು ತೆಗೆಯಬೇಕಾಯಿತು, ತೆಗೆದ ಯಜಮಾನ ತಾನೂ ರಾಜೀನಾಮೆ ಕೊಟ್ಟು ಮನೆಗೆ ಹೋದ. ಮೊದಲ ಸಲ ಅಮೆರಿಕಕ್ಕೆ ಕಳಿಸಿದ ಗಾಡಿಗಳು ಅಲ್ಲಿಯ ಏರು ಹತ್ತಲಾರದೆ ಮರ್ಯಾದೆ ಕಳೆದುಕೊಂಡವು. ಹಿಂದಕ್ಕೆ ಕರೆಸಿ, ಮತ್ತೆ ಮಾಡಿ, ಮತ್ತೆ ಕಳಿಸಿದರು. ಇವತ್ತಿಗೂ ಅವರ ಕಾರ್ಖಾನೆಯಲ್ಲಿ ಕೆಲಸಗಾರನ ತಲೆಯ ಮೇಲೆ ಒಂದು ಹಗ್ಗ ಇರುತ್ತದೆ. ತಪ್ಪು ಕಂಡರೆ ಯಾರು ಬೇಕಾದರೂ ಎಳೆಯಬಹುದು. ಇಡೀ ಸಾಲು ನಿಲ್ಲುತ್ತದೆ. ಮೇಲಿನವನು ಬಂದು ಎಳೆದವನಿಗೆ ಮೊದಲು ಥ್ಯಾಂಕ್ಸ್ ಹೇಳುತ್ತಾನೆ, ಆಮೇಲೆ ಏನಾಯಿತು ಎಂದು ಕೇಳುತ್ತಾನೆ.

"ಸಾರ್," ಎಂದ ಒಬ್ಬ, ಬಹಳ ಗಂಭೀರವಾಗಿ, "ದಿನಾ ಎಳೆದರೆ ದಿನಾ ರಜವಾ?"

ಎಲ್ಲರೂ ನಕ್ಕರು. ಇವರು ನಗಲಿಲ್ಲ. "ನೀನು ಹೋಗುವ ಸಾಫ್ಟ್‌ವೇರ್ ಕಂಪನಿಯಲ್ಲಿ ಹಗ್ಗ ಇರುವುದಿಲ್ಲ. ರಜ ಅಲ್ಲಿ ಕೇಳು" ಎಂದರು. ನನ್ನ ದಿನಚರಿಯ ಪ್ರಕಾರ ಆ ಹುಡುಗ ಮರು ತಿಂಗಳೇ ಹೋದ. ಎರಡು ವರ್ಷದ ನಂತರ ಗಿರಾಕಿಯಾಗಿ ಬಂದ.

ಒಂದು ಮಧ್ಯಾಹ್ನ ಊಟದ ಡಬ್ಬಿ ಮುಂದಿಟ್ಟುಕೊಂಡು ನಾನು ಕೇಳಿಯೇಬಿಟ್ಟೆ: "ಕಾಕಾ, ಅಂಥಾ ಯಂತ್ರದ ಮಗ್ಗ ಬಂದ ಮ್ಯಾಲೇ ಅಲ್ಲೇನ್ರಿ ನಿಮ್ಮ ಕೈಮಗ್ಗ ಮೂಲಿಗೆ ಬಿದ್ದಿದ್ದು? ನೀವು ನೋಡಿದ್ರ ಅದನ್ನ ದೇವ್ರು ಮಾಡಾಕತ್ತೀರಿ."

"ಬಿತ್ತು. ನಾ ಏನ್ ಅಲ್ಲ ಅಂದ್ನೇನು?" ಎಂದು ರೊಟ್ಟಿ ಮುರಿಯುತ್ತಲೇ ಹೇಳಿದರು. "ನಮ್ಮಪ್ಪ ಭಾಳ ಚಲೋ ನೇಕಾರ ಅಂತ ಊರೆಲ್ಲಾ ಹೇಳತೈತಿ. ನಾ ಹೇಳಂಗಿಲ್ಲ. ಮದವಿ ಸುಗ್ಗಿಯೊಳಗ ಸಾಹುಕಾರನ ಮನಷ್ಯಾ ಬಂದು ತಲಿ ಮ್ಯಾಲೆ ಕುಂಡ್ರತಿದ್ದ. ಎಳಿ ಹರದ್ರ ನಿಂದರಿಸಿ ಗಂಟು ಹಾಕಾಕ ಹೊತ್ತು ಎಲ್ಲೈತಿ? ನಮ್ಮಪ್ಪ ಗಂಜಿ ಹಚ್ಚಿ ಒತ್ತಿಬಿಡತಿದ್ದ. ಕಾಣತಿದ್ದಿಲ್ಲ. ಒಂದ್ಸಲ ಮದಲಗಿತ್ತಿ ಮೈಮ್ಯಾಲೆನ ಸೀರಿ ಪರ್ ಅಂತು, ಅಕ್ಷತಾ ಬೀಳೋ ಹೊತ್ತಿನಾಗ. ಮರುದಿನ ಆ ಹುಡಿಗಿ ಅಪ್ಪ ಬಂದು ನಮ್ಮಪ್ಪನ ಮಾರಿ ಮ್ಯಾಲೆ ಸೀರಿ ಒಗದು ಹ್ವಾದ. ನಮ್ಮಪ್ಪ ಅದನ್ನ ಮಡಚಿ ಗೂಡಿನ್ಯಾಗ ಇಟ್ಟ."

ಡಬ್ಬಿ ಮುಚ್ಚುತ್ತ ಮತ್ತೆ ಹೇಳಿದರು: "ಮುಂದ ಬಾಲಾನಗರದಾಗ ಇದ್ದಾಗ ಯಾವುದೋ ಹಳೇ ಪುಸ್ತಕದಾಗ ಓದಿದೆ, ಎಳಿ ಹರದ್ರ ತಾನ ನಿಂದರೋ ಮಗ್ಗ ಐತಿ ಅಂತ. ಕಬ್ಬಿಣಕ್ಕ ಇದ್ದಷ್ಟು ನಾಚಿಕಿ ನಮಗಿಲ್ಲಲ್ಲ ಅನ್ನಿಸ್ತು ತಂಗಿ. ಅವತ್ತ ಹಿಡದದ್ದು ಈ ಹುಚ್ಚು."

ಆ ಹುಚ್ಚು ಅವರಿಂದ ಒಂದು ಕೆಲಸ ಮಾಡಿಸಿತು. ಬೇಗಂ ಬಜಾರಿಗೆ ನನ್ನನ್ನೂ ಕರೆದುಕೊಂಡು ಹೋಗಿ ಒಂದು ಹಿತ್ತಾಳೆಯ ಗಂಟೆ ಕೊಂಡರು. ಅಂಗಡಿಯವನು, "ಮಂದಿರಕ್ಕೋ ಮನೆಗೋ?" ಎಂದು ಹಿಂದಿಯಲ್ಲಿ ಕೇಳಿದ. "ಗಾಡಿ ನಿಲ್ಲಿಸಲಿಕ್ಕೆ" ಎಂದರು. ಅವನು ನನ್ನ ಮುಖ ನೋಡಿದ. ಗಂಟೆಯನ್ನು ನಾವು ಗಿರಾಕಿಗಳಿಗೆ ಗಾಡಿ ಒಪ್ಪಿಸುವ ಜಾಗದಲ್ಲಿ ಹಗ್ಗ ಕಟ್ಟಿ ತೂಗುಹಾಕಿದರು. ಗಾಡಿ ಹೊರಡುವ ಮೊದಲು ಯಾರಿಗೆ ಯಾವ ಕುಂದು ಕಂಡರೂ ಬಾರಿಸಬಹುದು. ತೊಳೆಯುವವನೇ ಇರಲಿ, ಡ್ರೈವರೇ ಇರಲಿ. ಬಾರಿಸಿದವನಿಗೆ ಚಹಾ ತಾವೇ ತಂದು ಕೊಡುವುದಾಗಿ ಹೇಳಿದರು.

ಮೊದಲ ತಿಂಗಳು ಎರಡು ಸಲ ಗಂಟೆ ಮೊಳಗಿತು. ಒಮ್ಮೆ ಜಾಕ್ ಇಡಲು ಮರೆತಿದ್ದರು, ಒಮ್ಮೆ ದೀಪ ಓರೆಯಾಗಿತ್ತು. ಎರಡು ಸಲವೂ ಇವರು ಟೈ ಸರಿಮಾಡಿಕೊಂಡು ಕ್ಯಾಂಟೀನಿನಿಂದ ಚಹಾ ಹಿಡಿದು ಬಂದರು.

ಮೂರನೆಯ ಸಲ ಬಾರಿಸಿದ್ದು ಗಿರಾಕಿಯೊಬ್ಬರ ಅಜ್ಜಿ. ಹೊಸ ಗಾಡಿಗೆ ಪೂಜೆಯಾಗಿತ್ತು, ತೆಂಗಿನಕಾಯಿ ಒಡೆದಾಗಿತ್ತು, ತಲೆಯ ಮೇಲೆ ಗಂಟೆ ತೂಗುತ್ತಿತ್ತು. ಆ ತಾಯಿ ಕಾಲ ತುದಿಯ ಮೇಲೆ ನಿಂತು ಢಣ್ ಎನ್ನಿಸಿ, ಕಣ್ಣು ಮುಚ್ಚಿ ಕೈಮುಗಿದರು. ಹಿಂದೆಯೇ ಮೊಮ್ಮಗ, ಸೊಸೆ, ಮಗ. ಮರುದಿನ ಮತ್ತೊಂದು ಕುಟುಂಬ. ನಮ್ಮ ಜನಕ್ಕೆ ಅರಿಸಿನ, ಕುಂಕುಮ, ನಿಂಬೆಹಣ್ಣಿನ ನಡುವೆ ಗಂಟೆ ಕಂಡರೆ ಮತ್ತೇನು ತೋಚೀತು?

ಎಂ.ಡಿ. ಅವರಿಗೆ ಇದು ಬಹಳ ಹಿಡಿಸಿತು. ಅವರು ಮೊದಲು ಕಟ್ಟಡ ಕಟ್ಟಿಸುತ್ತಿದ್ದವರು. ಜನರಿಗೆ ಏನು ಇಷ್ಟ ಎಂದು ಬಲ್ಲವರು. ಗಂಟೆಗೆ ಕೆಂಪು ರಿಬ್ಬನ್ ಕಟ್ಟಿಸಿದರು. ಗಿರಾಕಿ ಗಂಟೆ ಬಾರಿಸಿದ ಕೂಡಲೇ ಸಿಬ್ಬಂದಿ ಎಲ್ಲ ಎದ್ದುನಿಂತು ಚಪ್ಪಾಳೆ ತಟ್ಟಬೇಕು, ಫೋಟೋದವನು ಫೋಟೋ ತೆಗೆಯಬೇಕು ಎಂದು ನಿಯಮವಾಯಿತು. ಇವರು ಹೋಗಿ ಜಗಳ ಮಾಡಿದರು. ಎಂ.ಡಿ. ನಗುತ್ತ ಹೇಳಿದರಂತೆ: "ನಮ್ಮ ಗಾಡಿಯಲ್ಲಿ ತಪ್ಪಿದೆ ಅಂತ ಗಿರಾಕಿಯ ಎದುರಿಗೆ ಗಂಟೆ ಹೊಡೆಯುವುದುಂಟೇ? ನೀವು ಇಟ್ಟ ಗಂಟೆಗೆ ನಾನು ಒಳ್ಳೆಯ ಕೆಲಸ ಹುಡುಕಿದೆ ಅಷ್ಟೇ."

ಅಂದಿನಿಂದ ಸಿಬ್ಬಂದಿ ಯಾರೂ ಅದನ್ನು ಮುಟ್ಟಲಿಲ್ಲ. ಹೊಸದಾಗಿ ಬಂದವರಿಗೆ ಅದು ಬೇರೆ ಯಾವುದಕ್ಕೋ ಇತ್ತೆಂಬುದೂ ಗೊತ್ತಿರಲಿಲ್ಲ.

ಅದೇ ವರ್ಷದ ಆಗಸ್ಟಿನಲ್ಲಿ ಜಪಾನಿಗೆ ಹೋಗುವ ಸುದ್ದಿ ಬಂತು. ಡೀಲರುಗಳ ಕಡೆಯಿಂದ ಒಬ್ಬೊಬ್ಬರು ಹೋಗಿ ಕಾರ್ಖಾನೆಯನ್ನೂ ಕಂಪನಿಯ ಹಳೆಯ ಮಗ್ಗಗಳನ್ನಿಟ್ಟಿರುವ ಸಂಗ್ರಹಾಲಯವನ್ನೂ ನೋಡಿಬರುವುದು. ಎಂ.ಡಿ. ಎಲ್ಲರ ಎದುರಿಗೆ ಇವರ ಹೆಸರು ಹೇಳಿದರು. ಬೇರೆ ಹೆಸರು ಹೇಳುವ ಹಾಗೂ ಇರಲಿಲ್ಲ. ದಸರೆ ಮುಗಿದು ನವೆಂಬರಿನಲ್ಲಿ ಪ್ರಯಾಣ.

ಅವರು ಹುಡುಗನ ಹಾಗಾದರು. ಪಾಸ್‌ಪೋರ್ಟ್ ಬಂದ ದಿನ ವರ್ಕ್‌ಶಾಪಿನವರಿಗೂ ಜಿಲೇಬಿ ಹಂಚಿದರು. "ಟೋಕಿಯೋಕ್ಕೆ ಸ್ಕೂಟರ್ ಮೇಲೆ ಹೋಗ್ತೀರಾ ಸಾಬ್?" ಎಂದರೆ, "ಹೌದು, ಹಿಂದಿನ ಸೀಟು ಖಾಲಿ ಇದೆ, ಬಾ" ಎನ್ನುವಷ್ಟು ಸಡಿಲವಾದರು. ನನ್ನ ಮುಂದೆ ಮಾತ್ರ ನಿಜವಾದ ಆಸೆ ಹೇಳಿದರು.

"ಊರು ನೋಡೋದು ಏನೂ ಬ್ಯಾಡ ತಂಗಿ. ಆ ಮಗ್ಗದ ಮುಂದ ನಿಂದರಬೇಕು. ನಡ್ಯಾಕತ್ತಿರತೈತಲ್ಲ, ಆವಾಗ ನನ್ನ ಕೈಯಿಂದ ಒಂದ್ ಎಳಿ ಹರದು ನೋಡಬೇಕು. ನಿಂದರತೈತೋ ಇಲ್ಲೋ."

"ಹರ್ಯಾಕ ಬಿಡ್ತಾರೇನ್ರಿ ಕಾಕಾ?"

"ಕೈಕಾಲು ಹಿಡೀತೀನಿ. ಇಪ್ಪತ್ತು ವರ್ಷ ಅವರ ಮಾತು ನಂಬಿ ಮಂದಿಗೆ ಹೇಳೀನಿ. ಒಂದ್ ಎಳಿ ಕೊಡಂಗಿಲ್ಲೇನು?"

ದಸರೆಯ ದಿನ ಮೂವತ್ತೊಂದು ಗಾಡಿ ಹೊರಡಬೇಕಿತ್ತು. ಶೋರೂಮು ಮದುವೆಮನೆಯಾಗಿತ್ತು. ಬಾಡಿಗೆಗೆ ಕರೆಸಿದ ಪುರೋಹಿತರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಗಾಡಿಯಿಂದ ಗಾಡಿಗೆ ಏಳುತ್ತಿದ್ದರು. ಬೂದುಗುಂಬಳದ ಹೋಳುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಹನ್ನೊಂದರ ಮುಹೂರ್ತಕ್ಕೆ ಒಂದು ಬೆಳ್ಳಿ ಬಣ್ಣದ ಗಾಡಿ; ಗಿರಾಕಿ ಒಬ್ಬ ಸಾಫ್ಟ್‌ವೇರ್ ಎಂಜಿನಿಯರು, ಜೊತೆಗೆ ಹೆಂಡತಿ, ಪುಟ್ಟ ಮಗಳು, ಮಾವ. ರಾಹುಕಾಲ ಬರುವ ಮೊದಲು ಗಾಡಿ ಗೇಟು ದಾಟಲೇಬೇಕೆಂದು ಮಾವ ಬೆಳಿಗ್ಗೆಯಿಂದ ನನಗೆ ನಾಲ್ಕು ಸಲ ಫೋನು ಮಾಡಿದ್ದರು.

ಅವರು ಬರುವ ಮೊದಲು ಕಾಕಾ ರೂಢಿಯಂತೆ ಆ ಗಾಡಿಯ ಬಾಗಿಲುಗಳನ್ನು ತೆರೆದು ಮುಚ್ಚಿ ನೋಡಿದರು. ಮೂರು ಬಾಗಿಲು ಸರಿಯಾಗಿ ಕೂತವು. ಹಿಂದಿನ ಎಡ ಬಾಗಿಲು ಡಬ್ಬಿಯ ಮುಚ್ಚಳದ ಹಾಗೆ ಸದ್ದು ಮಾಡಿತು. ಮತ್ತೆ ಮುಚ್ಚಿದರು. ಮತ್ತೆ ಅದೇ. ವರ್ಕ್‌ಶಾಪಿನ ಪೇಂಟರ್ ಚಾಚಾನನ್ನು ಕರೆಸಿದರು.

"ಮೇರೆಕು ನಕ್ಕೋ ಪೂಛೋ ಸಾಬ್," ಎಂದ ಚಾಚಾ, ಗಾಡಿಯ ಕಡೆಗೆ ನೋಡದೆ. "ಬಾಲ್‌ಬಚ್ಚೇವಾಲಾ ಹೂಂ."

ನನ್ನನ್ನು ಕೇಳಬೇಡಿ, ಹೆಂಡತಿ ಮಕ್ಕಳಿರುವವನು ಎಂಬುದೇ ಉತ್ತರವಾಗಿತ್ತು. ನಮ್ಮ ಯಾರ್ಡಿನಲ್ಲಿ ಹಿಂದಕ್ಕೆ ತೆಗೆಯುವಾಗ ಗಾಡಿ ಕಂಬಕ್ಕೆ ಬಡಿದಿತ್ತು. ಒಳಗೆ ಹೋಗಿದ್ದ ಬಾಗಿಲ ಚೌಕಟ್ಟಿನ ಕಂಬಿಯನ್ನು ಸರಪಳಿ ಹಾಕಿ ಎಳೆದು, ಬಾಗಿಲು ತಟ್ಟಿ ನೇರ ಮಾಡಿ, ಮೇಲೆ ಬಣ್ಣ ಹೊಡೆದು ಹೊಸದೆಂದು ತಂದು ನಿಲ್ಲಿಸಿದ್ದರು. ಆ ಬಣ್ಣದ ಬೇರೆ ಗಾಡಿ ಇರಲಿಲ್ಲ.

ಕಾಕಾ ಎಂ.ಡಿ. ಹತ್ತಿರ ಹೋದರು. ನಾನು ಮುಹೂರ್ತದ ಪಟ್ಟಿ ಹಿಡಿದು ಅಲ್ಲೇ ನಿಂತಿದ್ದೆ. ಎಂ.ಡಿ. ದನಿ ಏರಿಸಲಿಲ್ಲ. "ಪಂಡಗ ಅಯ್ಯಾಕ ಚೂದ್ದಾಂ" ಎಂದರು. ಹಬ್ಬ ಮುಗಿಯಲಿ, ನೋಡೋಣ. ಆಮೇಲೆ ಇವರ ಭುಜದ ಮೇಲೆ ಕೈಯಿಟ್ಟು, "ನವೆಂಬರಿಗೆ ಸ್ವೆಟರ್ ತೆಗೆದುಕೊಂಡಿರಾ? ಅಲ್ಲಿ ಚಳಿಯಂತೆ" ಎಂದರು.

ಕಾಕಾಗೆ ಅರ್ಥವಾಯಿತು. ನನಗೂ ಆಯಿತು. ಅವರು ಹಿಂತಿರುಗಿ ಬಂದು ನನ್ನ ಮೇಜಿನ ಪಕ್ಕದಲ್ಲಿ ನಿಂತರು. ಕೈಯಲ್ಲಿ ಕರವಸ್ತ್ರ ಹಿಂಡುತ್ತಿದ್ದರು.

"ಕಾಕಾ, ಬಿಡ್ರಿ. ಒಂದ್ ಬಾಗಲಾ," ಎಂದೆ.

"ಆ ಕೂಸು ಅದ ಬಾಗಲದ ಮಗ್ಗಲಕ ಕುಂಡ್ರತೈತಿ," ಎಂದರು.

ಅಷ್ಟು ಹೊತ್ತಿಗೆ ಗಾಡಿಯ ಮುಂದೆ ಸ್ವಸ್ತಿಕ ಬರೆದಾಗಿತ್ತು, ನಾಲ್ಕು ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಾಗಿತ್ತು. ಎಂಜಿನಿಯರು ಕೀಲಿ ಹಿಡಿದು ಕ್ಯಾಮೆರಾ ಕಡೆ ನಗುತ್ತಿದ್ದ. ಕಾಕಾ ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಗಂಟೆಯ ಹಗ್ಗ ಎಳೆದರು.

ಎಲ್ಲರೂ ಚಪ್ಪಾಳೆ ತಟ್ಟಿದರು.

ಇನ್ನೊಮ್ಮೆ ಎಳೆದರು. ಚಪ್ಪಾಳೆ ಜೋರಾಯಿತು. ಫೋಟೋದವನು, "ಸಾರ್, ಸ್ವಲ್ಪ ಈ ಕಡೆ ತಿರುಗಿ" ಎಂದ. ಪುಟ್ಟ ಹುಡುಗಿ ತಾನೂ ಬಾರಿಸುತ್ತೇನೆಂದು ಕೈಚಾಚಿತು. ಅವರು ನಿಲ್ಲಿಸಲಿಲ್ಲ. ಟೈ ಹೆಗಲ ಮೇಲೆ ಹಾರಿತ್ತು, ಮುಖ ಕೆಂಪಾಗಿತ್ತು, ಒಂದೇ ಸಮನೆ ಹಗ್ಗ ಜಗ್ಗುತ್ತಿದ್ದರು. ಚಪ್ಪಾಳೆ ಒಬ್ಬೊಬ್ಬರದೇ ನಿಂತಿತು. ಗಂಟೆಯ ಸದ್ದೊಂದೇ ಉಳಿಯಿತು. ಕೊನೆಗೆ ಹಗ್ಗ ಬಿಟ್ಟು, ಗಿರಾಕಿಯ ಎದುರು ಸೊಂಟದಿಂದ ಬಾಗಿ, ತೆಲುಗಿನಲ್ಲಿ ಹೇಳಿದರು: "ಈ ಗಾಡಿ ಹೊಸದಲ್ಲ ಸಾರ್. ಏಟು ತಿಂದು ಬಣ್ಣ ಬಳಿಸಿಕೊಂಡಿದೆ. ತೆಗೆದುಕೊಂಡು ಹೋಗಬೇಡಿ."

ಎಂ.ಡಿ. ಮತ್ತು ಅವರ ಅಳಿಯ ಇಬ್ಬರೂ ಓಡಿಬಂದರು. ಕುಟುಂಬವನ್ನು ಕ್ಯಾಬಿನ್ನಿಗೆ ಕರೆದೊಯ್ದರು. ಗಾಜಿನ ಗೋಡೆಯ ಆಚೆ ಮಾತು ಕೇಳುತ್ತಿರಲಿಲ್ಲ. ಎಂಜಿನಿಯರು ಮೊದಲು ಮೇಜು ಬಡಿದ. ಕಾಕಾ ನನ್ನ ಕಡೆ ನೋಡಿದರು; ಆ ಮುಖದಲ್ಲಿ ಒಂದು ಬೆಳಕಿತ್ತು. ಆಮೇಲೆ ಎಂ.ಡಿ. ಕಾಗದದ ಮೇಲೆ ಏನೋ ಬರೆದು ತೋರಿಸಿದರು. ಎಂಜಿನಿಯರು ತಲೆಯಾಡಿಸಿ ಅದನ್ನು ಹೊಡೆದುಹಾಕಿ ತಾನು ಬರೆದ. ಮಾವ ಗಡಿಯಾರ ತೋರಿಸಿದರು. ಎಲ್ಲರೂ ಎದ್ದರು.

"ಮುಹೂರ್ತಂ ದಾಟಿಪೋತೋಂದಿ, ಪದಂಡಿ ಪದಂಡಿ," ಎಂದು ಎಲ್ಲರನ್ನೂ ಹೊರಡಿಸುತ್ತ ಮಾವ ಮುಂದೆ ಬಂದರು. ಬೆಲೆಯಲ್ಲಿ ರಿಯಾಯಿತಿ, ಚರ್ಮದ ಸೀಟು, ಒಳ್ಳೆಯ ಮ್ಯೂಸಿಕ್ ಸಿಸ್ಟಮ್. ಆ ಗಾಡಿಯನ್ನೇ ತೆಗೆದುಕೊಂಡು ಹೋದರು. ಹೋಗುವ ಮೊದಲು ಮಾವ ಪುರೋಹಿತರ ಹತ್ತಿರ ಹೋಗಿ, ಇವರ ಕಡೆ ಬೆರಳು ತೋರಿಸಿ, ಈ ಮನುಷ್ಯ ಶುಭ ಗಳಿಗೆಯಲ್ಲಿ ಅಪಶಕುನ ನುಡಿದ, ಇನ್ನೊಮ್ಮೆ ದೃಷ್ಟಿ ತೆಗೆಯಿರಿ ಎಂದರು. ಇನ್ನೊಂದು ಕುಂಬಳಕಾಯಿ ತಂದರು. ಈ ಸಲ ಗಂಟೆ ಬಾರಿಸಿದ್ದು ಎಂ.ಡಿ. ಅವರ ಅಳಿಯ. ನಾವೆಲ್ಲರೂ ಚಪ್ಪಾಳೆ ತಟ್ಟಿದೆವು. ಹುಡುಗಿ ಹಿಂದಿನ ಎಡ ಸೀಟಿನಿಂದ ಕೈಬೀಸಿತು.

ಅವರನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದರೆ ನಾಲ್ಕು ಜನ ಕೇಳುತ್ತಾರೆ. ಜಪಾನ್ ಪ್ರಯಾಣಕ್ಕೆ ವೀಸಾ ತೊಂದರೆ ಎಂದು ಸೂಚನೆ ಬಂತು. ವೀಸಾಕ್ಕೆ ಅರ್ಜಿಯನ್ನೇ ಹಾಕಿರಲಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ದೀಪಾವಳಿಗೆ ಮೊದಲೇ ಅವರನ್ನು ಊರ ಹೊರಗಿನ ಹಳೆಯ ಗಾಡಿಗಳ ವಿಭಾಗಕ್ಕೆ ಹಾಕಿದರು. ತಗಡಿನ ಷೆಡ್ಡು, ಮುಂದೆ ಮಣ್ಣಿನ ಬಯಲು. ಜಪಾನಿಗೆ ಎಂ.ಡಿ. ಅವರ ಅಳಿಯ ಹೋಗಿಬಂದ.

ಜನವರಿಯಲ್ಲಿ ಎಲ್ಲ ಶಾಖೆಗಳವರಿಗೂ ತರಬೇತಿ ಎಂದರು. ಹಳೆಯ ಗಾಡಿಗಳ ವಿಭಾಗದವರೂ ಬರಬೇಕು. ತರಬೇತಿ ಕೊಟ್ಟವನು ಅಳಿಯ. ವಿಷಯ, ಕಂಪನಿಯ ಇತಿಹಾಸ. ಕಾಕಾ ಹಿಂದಿನ ಸಾಲಿನಲ್ಲಿ, ತಾವೇ ತಯಾರು ಮಾಡಿದ ಹುಡುಗರ ಹಿಂದೆ, ಟೈ ಕಟ್ಟಿಕೊಂಡು ಕೂತಿದ್ದರು. ಪರದೆಯ ಮೇಲೆ ಒಂದರ ಹಿಂದೊಂದು ಫೋಟೋ ಬಂದವು: ವಿಮಾನ ನಿಲ್ದಾಣ, ಹೋಟೆಲು, ಹಿಮದ ಬೆಟ್ಟ. "ನಮ್ಮ ಶೋರೂಮಿನಲ್ಲಿ ಗಂಟೆ ಬಾರಿಸುತ್ತೇವಲ್ಲ, ಅದು ಮೂಲತಃ ಜಪಾನಿನ ಪದ್ಧತಿ" ಎಂದ ಅಳಿಯ. "ಸಂತೋಷ ಹಂಚಿಕೊಳ್ಳುವ ಸಂಸ್ಕೃತಿ." ಕೆಲವರು ಹಿಂದೆ ತಿರುಗಿ ನೋಡಿದರು. ಕಾಕಾ ಅಲುಗಲಿಲ್ಲ.

ಆಮೇಲೆ ಮಗ್ಗದ ಫೋಟೋ ಬಂತು. ಕಪ್ಪು ಕಬ್ಬಿಣ, ಅದರ ಮೇಲೆ ಅರ್ಧ ನೇಯ್ದ ಬಿಳಿ ಬಟ್ಟೆ ಇತ್ತು. ಮುಂದೆ ಅಳಿಯ ಹೆಬ್ಬೆರಳು ಎತ್ತಿ ನಿಂತಿದ್ದ.

ಹಿಂದಿನ ಸಾಲಿನಿಂದ ಕುರ್ಚಿ ಸರಿದ ಸದ್ದಾಯಿತು. ಕಾಕಾ ಎದ್ದುನಿಂತಿದ್ದರು. ತೆಲುಗಿನಲ್ಲಿ, ಬಹಳ ಮರ್ಯಾದೆಯಿಂದ ಕೇಳಿದರು: "ಸಾರ್, ಇದು ನಡೆಯುತ್ತಿತ್ತೇ? ಎಳೆ ಹರಿದು ತೋರಿಸಿದರೇ? ನಿಂತಿತೇ?"

ಅಳಿಯ ಕೆಟ್ಟವನಲ್ಲ. ನಿಜವಾಗಿಯೂ ನೆನಪಿಸಿಕೊಳ್ಳಲು ನೋಡಿದ. "ಏನೋ ತೋರಿಸುತ್ತಿದ್ದರು ಅಂಕಲ್," ಎಂದ. "ಗೈಡ್ ಹೇಳುತ್ತಿದ್ದ. ನಾವು ಫೋಟೋ ತೆಗೆಸಿಕೊಳ್ಳುತ್ತಿದ್ದೆವು. ಆಮೇಲೆ ಬಸ್ಸು ಹೊರಟಿತು."

"ಗೈಡ್ ಏನೆಂದ?"

"ಅಂಕಲ್, ಪ್ರಶ್ನೆಗಳು ಕೊನೆಯಲ್ಲಿ."

ಕೊನೆಯಲ್ಲಿ ಪ್ರಶ್ನೆಗಳಿಗೆ ಹೊತ್ತಿರಲಿಲ್ಲ, ಸಮೋಸ ಬಂದಿತ್ತು. ಕಾಕಾ ಹಾಜರಿಗೆ ಸಹಿ ಹಾಕಿ ಪ್ರಮಾಣಪತ್ರ ತೆಗೆದುಕೊಂಡರು. ಕೊಟ್ಟವನಿಗೆ ಬಾಗಿ ನಮಸ್ಕರಿಸಲಿಲ್ಲ. ಅದನ್ನು ಗಮನಿಸಿದವಳು ನಾನೊಬ್ಬಳೇ ಎಂದು ತೋರುತ್ತದೆ.

ಆ ವರ್ಷದ ಮಾರ್ಚಿನಲ್ಲಿ ಕೆಲವು ಕಾಗದಗಳಿಗಾಗಿ ನನ್ನನ್ನು ಅವರ ಷೆಡ್ಡಿಗೆ ಕಳಿಸಿದರು. ಬಿಸಿಲಿನಲ್ಲಿ ಸಾಲಾಗಿ ನಿಂತ ಗಾಡಿಗಳ ನಡುವೆ ಅವರು ಒಬ್ಬ ಗಿರಾಕಿಯ ಜೊತೆಗಿದ್ದರು. ಟೈ ಇರಲಿಲ್ಲ, ಅಂಗಿಯ ಮೇಲಿನ ಗುಂಡಿ ತೆರೆದಿತ್ತು. ಗಿರಾಕಿ ಬೀದರಿನ ಕಡೆಯವನು, ಕಟ್ಟಡದ ಕೆಲಸಕ್ಕೆ ಆಳುಗಳನ್ನು ಕರೆತರುವ ಮೇಸ್ತ್ರಿ. ನಮ್ಮ ಕಂಪನಿಯದೇ ಒಂದು ಹಳೆಯ ಗಾಡಿಯ ಸುತ್ತ ಆಸೆಯಿಂದ ತಿರುಗುತ್ತಿದ್ದ.

"ಜಪಾನಿನ ಮಾಲ್ ಭಾಳ ಚಲೋ ಅಂತಾರಲ್ರಿ ಸಾಹೇಬ್ರ, ಖರೇ ಏನ್ರಿ? ಏನದ್ರಿ ಇದರಾಗ ಅಂಥಾದ್ದು?"

ನಾನು ನಿಂತೆ. ಅವರು ಈಗ ಮಗ್ಗದ ಕಥೆ ಶುರುಮಾಡುತ್ತಾರೆ ಎಂದುಕೊಂಡೆ.

"ನಾಕು ಗಾಲಿ ಅದಾವ. ಓಡತೈತಿ," ಎಂದರು ಕಾಕಾ. "ಮ್ಯಾಲೆ ಬಣ್ಣ ಹೊಡಸೀವಿ. ಬೇಕಂದ್ರ ತಗೋ, ಬ್ಯಾಡಂದ್ರ ಬಿಡು."

ಇಷ್ಟು ನೇರವಾಗಿ ಮಾತಾಡುವ ವ್ಯಾಪಾರಿಯನ್ನು ತಾನು ನೋಡಿಯೇ ಇಲ್ಲ ಎಂದು ಮೇಸ್ತ್ರಿ ಜೋರಾಗಿ ನಕ್ಕು, ಅಲ್ಲೇ ಮುಂಗಡ ಕೊಟ್ಟ. ಕಾಕಾ ನನಗೆ ಬೇಕಾದ ಕಾಗದಗಳನ್ನು ಕೊಟ್ಟು, ಅಪ್ಪ ಹೇಗಿದ್ದಾರೆ ಎಂದು ಕೇಳಿ, ಮುಂದಿನ ಗಾಡಿಯ ಹತ್ತಿರ ಹೋದರು. ಆ ತಿಂಗಳು ಹಳೆಯ ಗಾಡಿಗಳ ವಿಭಾಗದಲ್ಲಿ ಎಲ್ಲರಿಗಿಂತ ಹೆಚ್ಚು ಮಾರಿದವರು ಅವರೇ. ಅದರ ಮುಂದಿನ ತಿಂಗಳೂ ಅವರೇ. ಸಾಯುವ ತಿಂಗಳವರೆಗೂ ಅವರೇ.